ಇಳಿಯುವಾಗ ಡೀಸೆಲ್ ಎಂತಕ್ಕೆ?

ಮಂಗಳೂರಿನಲ್ಲಿ ಏರು ರಸ್ತೆಗಳೂ ಇವೆ ಎಂಬುದನ್ನು ನನ್ನ ಮಾಮ ಇವತ್ತಿಗೂ ಒಪ್ಪಿಲ್ಲ. ಅವರ ಪ್ರಕಾರ ಈ ಊರನ್ನು ದೇವರು ಮಾಡಿದ್ದೇ ಇಳಿಯಲಿಕ್ಕೆ. ಬಾವುಟಗುಡ್ಡೆಯಿಂದ ಹಂಪನಕಟ್ಟೆಗೆ ಇಳಿಜಾರು, ಹಂಪನಕಟ್ಟೆಯಿಂದ ಬಂದರಿಗೆ ಇಳಿಜಾರು, ಬಂದರಿನಾಚೆ ನದಿ, ನದಿಯಾಚೆ ಸಮುದ್ರ. "ನೀರಿಗೆ ಇಂಜಿನ್ ಉಂಟಾ? ಅದು ಹೋಗುದಿಲ್ವಾ?" ಎಂದು ಕೇಳುತ್ತಾರೆ. ಹೋಗುತ್ತದೆ, ನಿಜ. ಆದರೆ ನೀರು ಸಂಜೆ ಐದೂವರೆಗೆ ಕಚೇರಿಗೆ ವಾಪಸು ಬರಬೇಕೆಂದಿಲ್ಲವಲ್ಲ!

ಮಾಮ ಎಂದರೆ ನನ್ನ ಅಮ್ಮನ ತಮ್ಮ. ಸರಕಾರದ ಒಂದು ಆರೋಗ್ಯ ಕಚೇರಿಯಲ್ಲಿ ಮೂವತ್ತು ಚಿಲ್ಲರೆ ವರ್ಷ ಡ್ರೈವರ್ ಆಗಿದ್ದವರು. ಯಾವ ಕಚೇರಿ ಎಂದು ಕೇಳಬೇಡಿ, ಅವರ ಪಿಂಚಣಿಯ ಕಾಗದ ಇನ್ನೂ ಅಲ್ಲಿನ ಮೇಜೊಂದರ ಮೇಲೆ ಉಂಟು. ಲಸಿಕೆಯ ಪೆಟ್ಟಿಗೆಯನ್ನೂ ಅದರ ಜೊತೆ ಸಿಸ್ಟರ್‌ಗಳನ್ನೂ ಕೇರಿಯಿಂದ ಕೇರಿಗೆ ಮುಟ್ಟಿಸುವುದು ಅವರ ಕೆಲಸವಾಗಿತ್ತು. ಮೊದಲು ಜೀಪಿನಲ್ಲಿ, ಆಮೇಲೆ ವ್ಯಾನಿನಲ್ಲಿ. ಅವರು ಮನೆಯಲ್ಲಿ ಮಾತಾಡುವುದೆಲ್ಲ ತುಳುವಿನಲ್ಲಿ. ನಾನು ಅದನ್ನು ಕನ್ನಡದಲ್ಲಿ ಬರೆಯುವಾಗ ಖಾರ ಸ್ವಲ್ಪ ಕಡಿಮೆಯಾಗಿರುತ್ತದೆ, ಓದುವವರು ಮೇಲಿನಿಂದ ಉದುರಿಸಿಕೊಳ್ಳಬೇಕು.

ಮಾಮನ ವಿದ್ಯೆ ಹೀಗೆ. ಗುಡ್ಡೆಯ ತುದಿ ಬಂದ ಕೂಡಲೇ ಅವರ ಕೈ ಕೀಲಿಗೆ ಹೋಗುತ್ತಿತ್ತು. ಟಕ್. ಇಂಜಿನ್ ಬಂದ್. ಆಮೇಲೆ ಜೀಪು ದೋಣಿಯ ಹಾಗೆ ಸದ್ದಿಲ್ಲದೆ ತೇಲಿಕೊಂಡು ಕೆಳಗೆ ಬರುತ್ತಿತ್ತು. ಮೀನಿನ ಬುಟ್ಟಿ ಹೊತ್ತ ಹೆಂಗಸರು ಬೆನ್ನ ಹಿಂದೆ ಏಕಾಏಕಿ ಜೀಪು ಕಂಡು ಬೆಚ್ಚಿಬಿದ್ದು ಮಾಮನಿಗೆ ಎಷ್ಟು ಬಯ್ಗಳ ಕೊಟ್ಟಿದ್ದಾರೋ! ಅವೆಲ್ಲ ಡೀಸೆಲ್ ಇಲ್ಲದೆ ಸಿಕ್ಕಿದ್ದಾದ್ದರಿಂದ ಮಾಮನಿಗೆ ಬೇಸರವಿರಲಿಲ್ಲ. ವ್ಯಾನು ಬಂದ ಮೇಲೆ, ಇಂಜಿನ್ ಬಂದ್ ಮಾಡಿದರೆ ಬ್ರೇಕು ಹಿಡಿಯುವುದಿಲ್ಲ, ನೇರ ಯಾರದಾದರೂ ಅಂಗಡಿಯೊಳಗೆ ಹೋಗಿ ನಿಲ್ಲುತ್ತೀರಿ ಎಂದು ಮೆಕ್ಯಾನಿಕ್ ಗದರಿಸಿದ. ಆಗ ಮಾಮ ದೊಡ್ಡ ತ್ಯಾಗ ಮಾಡಿದವರಂತೆ ನ್ಯೂಟ್ರಲ್‌ಗೆ ಒಪ್ಪಿದರು. (ದಯವಿಟ್ಟು ಯಾರೂ ಇದನ್ನು ಮಾಡಿ ನೋಡಬೇಡಿ. ನಾನು ಕಾನ್ವೆಂಟಿನಲ್ಲಿ ಓದಿದವಳು, ಇಂಥದ್ದಕ್ಕೆಲ್ಲ ಕುಮ್ಮಕ್ಕು ಕೊಡುವವಳಲ್ಲ.)

ಈ ಮಹಾಯಾತ್ರೆಗೆ ಇದ್ದ ಒಬ್ಬನೇ ಶತ್ರು ಎಂದರೆ ಹಂಪನಕಟ್ಟೆಯ ಸಿಗ್ನಲ್. ಇಳಿದು ಬಂದ ವೇಗವನ್ನೆಲ್ಲ ಕೆಂಪು ದೀಪ ನುಂಗಿಬಿಡುತ್ತದಲ್ಲ! ಅದಕ್ಕಾಗಿ ಮಾಮ ಮೇಲೆ ಬಾವುಟಗುಡ್ಡೆಯಲ್ಲಿ ಬದಿಗೆ ನಿಲ್ಲಿಸಿ, ಗಡಿಯಾರ ನೋಡಿ, ಇಷ್ಟು ಸೆಕೆಂಡು ಕಳೆದು ಹೊರಟರೆ ಕೆಳಗೆ ಹಸಿರು ಸಿಗುತ್ತದೆ ಎಂದು ಲೆಕ್ಕ ಹಾಕಿ ಬಿಡುತ್ತಿದ್ದರು. ಒಳಗೆ ಕೂತ ಸಿಸ್ಟರ್‌ಗಳಿಗೆ ಇದು ರಾಕೆಟ್ ಉಡಾವಣೆಯ ಹಾಗೆ. "ಹತ್ತು, ಒಂಬತ್ತು, ಎಂಟು" ಎಂದು ಅವರೇ ಎಣಿಸಲು ಶುರು ಮಾಡಿದ್ದರಂತೆ. ಒಮ್ಮೆ ಎಣಿಕೆ ಮುಗಿದರೂ ಗಾಡಿ ಹೊರಡಲಿಲ್ಲ. ಯಾಕೆಂದು ನೋಡಿದರೆ ಮಾಮ ಇಳಿದು ಹೋಗಿ ರಸ್ತೆಯಲ್ಲಿ ಮಲಗಿದ್ದ ನಾಯಿಯನ್ನು ಎಬ್ಬಿಸುತ್ತಿದ್ದರು. ಅರ್ಧ ದಾರಿಯಲ್ಲಿ ಅದಕ್ಕಾಗಿ ಬ್ರೇಕು ಹಾಕಿದರೆ ಎಲ್ಲ ನಷ್ಟವಲ್ಲವೇ?

ಮನೆಯಲ್ಲಿಯೂ ಇದೇ ಕತೆ. ಫ್ಯಾನಿನ ಸ್ವಿಚ್ಚನ್ನು ಎದ್ದು ಹೋಗುವ ಮೊದಲೇ ಆರಿಸುತ್ತಾರೆ. "ಇನ್ನು ಎರಡು ನಿಮಿಷ ಅದು ಸುಮ್ಮನೆ ತಿರುಗ್ತದೆ, ಅದರಲ್ಲಿ ಕೂತುಕೊಳ್ಳುವ" ಎನ್ನುತ್ತಾರೆ. ಕುಚ್ಚಲಕ್ಕಿ ಅನ್ನಕ್ಕೆ ಇನ್ನೂ ಒಂದು ಕುದಿ ಬೇಕಿರುವಾಗಲೇ ಅಡುಗೆಮನೆಗೆ ನುಗ್ಗಿ ಗ್ಯಾಸ್ ಬಂದ್ ಮಾಡಿ, ಮುಚ್ಚಳ ಮುಚ್ಚಿ, ಅದರ ಮೇಲೆ ಕೈ ಇಟ್ಟುಕೊಂಡು ನಿಲ್ಲುತ್ತಾರೆ. ಉಳಿದದ್ದು ಬಿಸಿಯಲ್ಲೇ ಬೇಯಬೇಕಂತೆ. ಮಾಮಿಗೆ ಸಿಟ್ಟು ಬಂದು ನನ್ನಲ್ಲಿ ದೂರಿದ್ದುಂಟು. "ನಿನ್ನ ಮಾಮ ಜೀವಮಾನದಲ್ಲಿ ಪೂರ್ತಿ ಬೆಂದ ಅನ್ನ ಉಂಡವರಲ್ಲ. ನಾನು ಮಾತ್ರ ಇವರ ಸಂಗಡ ಪೂರ್ತಿ ಬೆಂದಿದ್ದೇನೆ."

ಮಾಮಿ ಹೀಗೆ ಹೇಳುವುದಕ್ಕೆ ಮದುವೆಯ ದಿನದಿಂದಲೇ ಕಾರಣವಿದೆ. ಬಾಡಿಗೆಗೆ ತಂದ ಕಾರಿನಲ್ಲಿ ಮದುಮಗಳು ಮದುವೆ ಹಾಲಿಗೆ ಬರಬೇಕಿತ್ತು. ಕಾರಿನ ಡ್ರೈವರು ಮಾಮನ ದೋಸ್ತಿ. ಮದುಮಗನೇ ಹಿಂದಿನ ದಿನ ಅವನಿಗೆ ಗುಟ್ಟು ಹೇಳಿಕೊಟ್ಟಿದ್ದರು, ಬಿಜೈ ಗುಡ್ಡೆ ಇಳಿಯುವಾಗ ಇಂಜಿನ್ ಬೇಡ ಎಂದು. ಕಾರು ತೇಲಿಕೊಂಡು ಚೆನ್ನಾಗಿಯೇ ಬಂತು. ಹಾಲಿನ ಗೇಟಿಗೆ ಹತ್ತು ಮಾರು ಉಳಿದಿರುವಾಗ ದಿಬ್ಬಣದ ಜನ ಅಡ್ಡ ಬಂದರು, ಬ್ರೇಕು ಹಾಕಬೇಕಾಯಿತು, ಆಮೇಲೆ ಕಾರು ಸ್ಟಾರ್ಟೇ ಆಗಲಿಲ್ಲ. ಕೊನೆಗೆ ಬ್ಯಾಂಡಿನವರು ತಮ್ಮ ವಾದ್ಯಗಳನ್ನು ಕಂಕುಳಲ್ಲಿ ಸಿಕ್ಕಿಸಿ ಕಾರನ್ನು ದೂಡಿದರು. ನಮ್ಮ ಬಂಧುಗಳಲ್ಲಿ ವಾದ್ಯವಿಲ್ಲದೆ, ಏದುಸಿರಿನ ಸದ್ದಿನಲ್ಲಿ ಮಂಟಪಕ್ಕೆ ಬಂದ ಮದುಮಗಳು ಮಾಮಿಯೊಬ್ಬರೇ!

ಇನ್ನು ಲಾಗ್‌ಬುಕ್ಕಿನ ವಿಚಾರ ಹೇಳದಿದ್ದರೆ ಮಾಮನ ಚಿತ್ರ ಅರ್ಧ. ಸರಕಾರಿ ಗಾಡಿ ಎಲ್ಲಿಗೆ ಹೋಯಿತು, ಯಾಕೆ ಹೋಯಿತು, ಎಷ್ಟು ಡೀಸೆಲ್ ಕುಡಿಯಿತು ಎಂದು ಡ್ರೈವರು ದಿನವೂ ಬರೆಯುವ ಪುಸ್ತಕ ಅದು. ಉಳಿದವರು ವಾರಕ್ಕೊಮ್ಮೆ ನೆನಪು ಮಾಡಿಕೊಂಡು ಗೀಚುತ್ತಾರೆ. ಮಾಮನ ಜೇಬಿನಲ್ಲಿ ಎರಡು ಪೆನ್ನು, ದಾರಿಗೆ ನೀಲಿ, ಡೀಸೆಲ್‌ಗೆ ಕೆಂಪು. ಕೆಂಪು ಪೆನ್ನಿನ ಟೊಪ್ಪಿಯ ಕಡ್ಡಿ ಮುರಿದಿದ್ದರಿಂದ ಅದಕ್ಕೆ ಒಂದು ರಬ್ಬರ್ ಬ್ಯಾಂಡ್. "ಉದ್ದೇಶ" ಎಂಬ ಅಂಕಣದಲ್ಲಿ ಇತರರು "ಕರ್ತವ್ಯ ನಿಮಿತ್ತ" ಎಂದು ಬರೆದು ಮುಗಿಸುವಲ್ಲಿ ಮಾಮ ಬರೆಯುವುದು ಹೀಗೆ: "ಸಿಸ್ಟರ್ ಕೊಡೆ ಮರೆತದ್ದರಿಂದ ವಾಪಸು." "ಎಮ್ಮೆ ಅಡ್ಡ, ಏಳು ನಿಮಿಷ." ಬಂದ ಡೀಸೆಲ್, ಮುಗಿದದ್ದು, ಉಳಿದದ್ದು ಎಲ್ಲವೂ ಕಾಲು ಲೀಟರಿನ ತನಕ. ಕಚೇರಿಯಲ್ಲಿ ತಿಂಗಳಿಗೆ ಗಾಡಿಗೆ ಇಷ್ಟು ಲೀಟರ್ ಎಂದು ಕೋಟಾ. ಕೊನೆಯ ವಾರ ಬಂದರೆ ಉಳಿದ ಗಾಡಿಗಳೆಲ್ಲ ಅಂಗಳದಲ್ಲಿ ಒಣಗಿ ನಿಂತಿರುತ್ತಿದ್ದವು. ಮಾಮನದ್ದು ಮಾತ್ರ ಓಡುತ್ತಿತ್ತು. ಅದಕ್ಕೆ ಅವರಿಗೆ ಸಿಕ್ಕಿದ ಬಿರುದು ಪಿಟ್ಟಾಸಿ, ಎಂದರೆ ಜಿಪುಣ.

ಕಚೇರಿಯ ಪುಸ್ತಕ ಕಚೇರಿಗೆ. ಆದರೆ ಮಾಮ ಅದರ ನಕಲನ್ನು ಮನೆಯಲ್ಲಿ ಇನ್ನೊಂದು ಪುಸ್ತಕದಲ್ಲಿ ಬರೆದಿಡುತ್ತಿದ್ದರು. ಎರಡಕ್ಕೂ ಕಂದು ಕಾಗದದ ಬೈಂಡ್ ಹಾಕುವ ಕೆಲಸ ನನ್ನದು. ನಾನು ಎರಡನೇ ಕ್ಲಾಸಿನಲ್ಲಿದ್ದಾಗ ಕಾನ್ವೆಂಟಿನ ಮದರ್ ಮೂಲೆ ಮಡಚಿ, ಮಧ್ಯೆ ಚೀಟಿ ಅಂಟಿಸಿ ಬೈಂಡ್ ಹಾಕಲು ಕಲಿಸಿದ್ದರು. ಅದನ್ನು ನೋಡಿದ ಮಾಮ ಮರುದಿನವೇ ತಮ್ಮ ಪುಸ್ತಕ ತಂದುಕೊಟ್ಟರು. ಅಂದಿನಿಂದ ಪ್ರತಿ ಏಪ್ರಿಲ್‌ನಲ್ಲಿ ಬೈಂಡ್ ನನ್ನದೇ. ಮದುವೆಯಾಗಿ ಕದ್ರಿಯ ಫ್ಲ್ಯಾಟಿಗೆ ಬಂದ ಮೇಲೂ ತಪ್ಪಲಿಲ್ಲ.

ಇಲ್ಲಿ ನನ್ನದೇ ಒಂದು ಕತೆ ಸೇರಿಸಬೇಕು, ನಮ್ಮ ಮನೆಯಲ್ಲಿ ಯಾವ ಕಾರ್ಯಕ್ರಮಕ್ಕೂ ಇದನ್ನು ಹೇಳಿ ನಗದೆ ಊಟ ಬಡಿಸುವುದಿಲ್ಲ. ನನ್ನ ತವರು ಬೆಂಗ್ರೆ, ಬಂದರಿನಿಂದ ನೋಡಿದರೆ ನದಿಯ ಆಚೆ ದಡ. ದೋಣಿ ಹತ್ತಿದರೆ ಎಲೆ ಅಡಿಕೆ ಜಗಿದು ಮುಗಿಯುವುದರೊಳಗೆ ಮುಟ್ಟಬಹುದು. ರಸ್ತೆಯಲ್ಲಾದರೆ ಕೂಳೂರು ಸೇತುವೆಗೆ ಹೋಗಿ ಊರೆಲ್ಲ ಸುತ್ತಿ ಬರಬೇಕು. ಹತ್ತೊಂಬತ್ತು ವರ್ಷದ ಹಿಂದೆ ಚೊಚ್ಚಲ ಹೆರಿಗೆಗೆ ನಾನು ಅಲ್ಲಿದ್ದೆ. ಜೂನ್ ತಿಂಗಳ ಕೊನೆ, ಗಾಳಿಗೆ ದೋಣಿ ನಿಲ್ಲಿಸಿದ್ದರು. ಬೆಳಿಗ್ಗೆಯೇ ನೋವು ಬಂತು. ಅಮ್ಮ ಪಕ್ಕದ ಮನೆಯ ಫೋನಿನಿಂದ ಕಚೇರಿಗೆ ತಿಳಿಸಿದರು. ಮಾಮ ಜೀಪು ತಂದು ನನ್ನನ್ನು ಆಸ್ಪತ್ರೆಗೆ ಮುಟ್ಟಿಸಿದರು, ಮಧ್ಯಾಹ್ನಕ್ಕೆ ಮಗಳು ಹುಟ್ಟಿದಳು. ಅಷ್ಟರ ಮಟ್ಟಿಗೆ ಸರಿ. ಆದರೆ ಆ ಜೀಪು ಎರಡು ದಿನ ಆಸ್ಪತ್ರೆಯ ಅಂಗಳ ಬಿಟ್ಟು ಕದಲಲಿಲ್ಲ! ಮಾಮ ಬಸ್ಸಿನಲ್ಲಿ ಬರುವುದು, ಮಗುವನ್ನು ನೋಡುವುದು, ಜೀಪಿನ ಬಾನೆಟ್ ಒರೆಸುವುದು, ಬಸ್ಸಿನಲ್ಲಿ ಹೋಗುವುದು. ಮಗುವನ್ನು ನೋಡಲಿಕ್ಕೆ ನೆಪ ಬೇಕಲ್ಲ ಎಂದು ಅಮ್ಮ ನಕ್ಕರು. "ತಾಯಿಗೆ ಒಂದು ಬಾಣಂತನ, ಜೀಪಿಗೆ ಒಂದು ಬಾಣಂತನ" ಎಂದರು ಮಾಮಿ. ಮಾಮ ತಾವೂ ನಕ್ಕರು.

ಇಂಥ ಮಾಮನ ನಿವೃತ್ತಿಗೆ ಒಂದು ವರ್ಷ ಇರುವಾಗ ಎರಡು ಸಂಗತಿಗಳು ಒಟ್ಟಿಗೆ ಬಂದವು. ಒಂದು, ಅವರ ವ್ಯಾನಿಗೆ ಹದಿನೈದು ವರ್ಷ ತುಂಬಲಿಕ್ಕಾಯಿತು. ತುಂಬಿದ ಸರಕಾರಿ ಗಾಡಿ ಗುಜರಿಗೆ ಹೋಗಬೇಕು, ಅದು ಕಾನೂನು. ಎರಡು, ಡೀಸೆಲ್ ಗಾಡಿ ಬಿಟ್ಟು ಕರೆಂಟಿನ ಗಾಡಿ ತೆಗೆದುಕೊಳ್ಳುವ ಕಚೇರಿಗಳಿಗೆ ಅನುದಾನ ಕೊಡುತ್ತೇವೆಂದು ಮೇಲಿನಿಂದ ಸುತ್ತೋಲೆ ಬಂತು. ಕಚೇರಿಯಲ್ಲಿ ಹೊಸ ಗಾಡಿಗೆ ಬೇರೆ ದುಡ್ಡಿಲ್ಲ. ಅನುದಾನ ಸಿಕ್ಕಿದರೆ ಗಾಡಿ, ಸಿಗದಿದ್ದರೆ ಸಿಸ್ಟರ್‌ಗಳು ಲಸಿಕೆಯ ಪೆಟ್ಟಿಗೆ ಹೆಗಲಿಗೆ ಹಾಕಿಕೊಂಡು ಸಿಟಿ ಬಸ್ಸಿನಲ್ಲಿ ನೇತಾಡಬೇಕು. ಅವರಲ್ಲಿ ದೊಡ್ಡ ಸಿಸ್ಟರ್ ಎಂದು ಎಲ್ಲರೂ ಕರೆಯುವವರಿಗೆ ಎರಡೂ ಮೊಣಕಾಲು ನೋವು. ವ್ಯಾನಿನ ಮೆಟ್ಟಿಲು ಎತ್ತರವಾಯಿತೆಂದು ಮಾಮ ಅವರಿಗಾಗಿ ಒಂದು ಮರದ ಮಣೆ ಮಾಡಿಸಿ ಸೀಟಿನಡಿ ಇಟ್ಟಿದ್ದರು. ಸಿಟಿ ಬಸ್ಸಿನಲ್ಲಿ ಮಣೆ ಇಡುವವರು ಯಾರು?

ಅನುದಾನಕ್ಕೆ ಶರತ್ತು ಏನೆಂದರೆ, ಹಳೆಯ ಗಾಡಿಯ ಮೂರು ವರ್ಷದ ಲಾಗ್‌ಬುಕ್ಕಿನ ಲೆಕ್ಕ ಕಳಿಸಬೇಕು. ಎಲ್ಲಿ ಹೆಚ್ಚು ಡೀಸೆಲ್ ಉಳಿಯುತ್ತದೋ ಅಲ್ಲಿಗೆ ಮೊದಲು ದುಡ್ಡು. ನ್ಯಾಯವೇ. ಮಾಮ ಕಂದು ಬೈಂಡಿನ ಮೂರು ಪುಸ್ತಕಗಳನ್ನು ಮದುವೆಯ ಕಾಗದ ಕೊಡುವವರ ಹಾಗೆ ಎರಡು ಕೈಯಲ್ಲಿ ಹಿಡಿದು ಮೇಡಂ ಮೇಜಿನ ಮೇಲಿಟ್ಟರು. ಮೇಡಂ ಹುಬ್ಬಳ್ಳಿ ಕಡೆಯವರು, ಕಚೇರಿಯ ಮುಖ್ಯಸ್ಥೆಯಾಗಿ ಬಂದು ಆರು ತಿಂಗಳಾಗಿತ್ತಷ್ಟೇ. ಲೆಕ್ಕ ಮಾಡಿದರು. ಅಳಿಸಿ ಮತ್ತೆ ಮಾಡಿದರು. ಆಮೇಲೆ ಕನ್ನಡಕ ತೆಗೆದು ಕೇಳಿದರಂತೆ. "ಏನ್ರೀ ಇದು? ನಿಮ್ಮ ಗಾಡಿ ಡೀಸೆಲ್ ಮ್ಯಾಲ ಓಡ್ತದೋ, ಗಾಳಿ ಮ್ಯಾಲ ಓಡ್ತದೋ?"

ಮಾಮ ಇದನ್ನು ಹೊಗಳಿಕೆ ಎಂದುಕೊಂಡು ಮೂರು ದಿನ ಖುಷಿಯಲ್ಲಿದ್ದರು!

ನಾಲ್ಕನೇ ದಿನ ಪಟ್ಟಿ ಬಂತು. ಇವರ ವ್ಯಾನು ಕಟ್ಟಕಡೆಗೆ. ಇಷ್ಟು ಕಡಿಮೆ ಕುಡಿಯುವ ಗಾಡಿಯನ್ನು ಬದಲಿಸಿದರೆ ಉಳಿಯುವುದೇನೂ ಇಲ್ಲ ಎಂದು ಷರಾ. ಮೊದಲನೇ ಸ್ಥಾನ ಇನ್ನೊಂದು ಕಚೇರಿಯ ಗಾಡಿಗೆ. ಅದರ ಡ್ರೈವರು ಮಧ್ಯಾಹ್ನದ ಊಟವಾದ ಮೇಲೆ ಏಸಿ ಹಾಕಿ, ಸೀಟು ಹಿಂದೆ ಬಗ್ಗಿಸಿ, ಚಾಗೆ ಏಳುವ ತನಕ ಇಂಜಿನ್ ಓಡಿಸಿ ಮಲಗುವ ಪುಣ್ಯಾತ್ಮ. ಕುಡಿದವನಿಗೆ ಬಹುಮಾನ, ಕುಡಿಯದವನಿಗೆ ಗುಜರಿ! ಇಂಥ ಪರೀಕ್ಷೆ ನಮ್ಮ ಕಾನ್ವೆಂಟಿನಲ್ಲಿ ಇದ್ದಿದ್ದರೆ ನಾನು ಪ್ರತಿ ವರ್ಷ ಫಸ್ಟ್ ಬರುತ್ತಿದ್ದೆ.

ಮೇಲ್ಮನವಿಗೆ ಹದಿನೈದು ದಿನ ಸಮಯವಿತ್ತು. ಕಚೇರಿಯ ಗುಮಾಸ್ತರೊಬ್ಬರು ಮಾಮನನ್ನು ಬದಿಗೆ ಕರೆದು ಮೆತ್ತಗೆ ಹೇಳಿದರು. ಮೂರು ಖಾಲಿ ಪುಸ್ತಕ ತಂದು ಕೂತರೆ ಎರಡು ದಿನದ ಕೆಲಸ, ಎಲ್ಲ ಕಡೆ ಸ್ವಲ್ಪ ಏರಿಸಿ ಬರೆದರಾಯಿತು, ಯಾರಿಗೂ ನಷ್ಟವಿಲ್ಲ, ಸಿಸ್ಟರ್‌ಗಳಿಗೆ ಗಾಡಿ ಸಿಗುತ್ತದೆ. ಮಾಮ ಮೇಡಂ ಮೇಜಿನಿಂದ ತಮ್ಮ ಮೂರು ಪುಸ್ತಕ ತೆಗೆದು ಕಂಕುಳಲ್ಲಿಟ್ಟು ಹೊರಗೆ ಬಂದರು.

ಆ ಭಾನುವಾರ ನಮ್ಮಲ್ಲಿಗೆ ಬಂದವರು ಬಂಗುಡೆ ಮೀನಿನ ಪುಳಿಮುಂಚಿ ಸಾರನ್ನು ಮುಟ್ಟಲಿಲ್ಲ. ಮಾಮ ಬಂಗುಡೆ ಬಿಟ್ಟರೆಂದರೆ ಡಾಕ್ಟರನ್ನು ಕರೆಯುವ ಹಂತ. ಫ್ಯಾನು ಪೂರ್ತಿ ಜೋರಿನಲ್ಲಿ ತಿರುಗುತ್ತಿತ್ತು, ಅದನ್ನೂ ಆರಿಸಲಿಲ್ಲ.

"ಬರೆದರೆ ಸುಳ್ಳು," ಎಂದರು ಕೊನೆಗೆ. "ಬರೆಯದಿದ್ದರೆ ದೊಡ್ಡ ಸಿಸ್ಟರ್ ಬಸ್ಸಿಗೆ. ನೀನು ಓದಿದವಳು ಮಗಾ, ಎಂತ ಮಾಡುದು ಹೇಳು."

ನಾನು ಓದಿದ್ದು ಗೃಹವಿಜ್ಞಾನ. ಅದರಲ್ಲಿ ಇದಕ್ಕೆ ಪಾಠವಿರಲಿಲ್ಲ. ಸುಮ್ಮನೆ ತೋಚಿದ್ದು ಹೇಳಿದೆ, ಒಂದು ತಿಂಗಳು ಎಲ್ಲರ ಹಾಗೆ ಓಡಿಸಿ ನಿಜವನ್ನೇ ಬರೆಯಬಹುದಲ್ಲ ಎಂದು.

"ಬೇಕಂತಲೇ ಡೀಸೆಲ್ ಸುಡುದಾ? ಅದು ಕಾಲಿನಲ್ಲಿ ಹೇಳುವ ಸುಳ್ಳು."

ನಾನು ಬಟ್ಟಲು ಎತ್ತುತ್ತಿದ್ದೆ. ಅವರ ಜೇಬಿನ ಎರಡು ಪೆನ್ನುಗಳು ಕಣ್ಣಿಗೆ ಬಿದ್ದವು. ಭಾನುವಾರವೂ ಎರಡೂ ಇದ್ದವು. ಆಗ ಬಾಯಿಗೆ ಒಂದು ಪ್ರಶ್ನೆ ಬಂತು.

"ಮಾಮ, ನೀವು ರಜೆ ಹಾಕಿದ್ರೆ ಆ ವ್ಯಾನು ಯಾರು ಓಡಿಸುದು?"

"ನಾನು ರಜೆ ಹಾಕಿದ್ದು ಯಾವಾಗ?"

"ಹಾಕಿದ್ರೆ ಅಂತ ಕೇಳಿದ್ದು."

"ಬದಲಿ ಡ್ರೈವರ್ ಒಬ್ಬ ಇದ್ದಾನೆ. ಪಾಪದವ. ಚೆಂದ ಓಡಿಸ್ತಾನೆ."

"ಅವನು ಬಾವುಟಗುಡ್ಡೆಯಲ್ಲಿ ಕೂತು ಸೆಕೆಂಡು ಎಣಿಸ್ತಾನಾ?"

ಮಾಮನಿಗೆ ನಗು ಬಂತು. "ಅದೆಲ್ಲ ಅವನಿಗೆ ಎಲ್ಲಿಂದ ಬರ್ಬೇಕು ಮಾರಾಯ್ತಿ."

"ಹಾಗಾದ್ರೆ ನಿಮ್ಮ ಪುಸ್ತಕದಲ್ಲಿ ಇರುದು ಗಾಡಿಯ ಲೆಕ್ಕ ಅಲ್ಲ. ನಿಮ್ಮ ಲೆಕ್ಕ. ಅವರು ಕೇಳಿದ್ದು ಗಾಡಿಯದ್ದು."

ಮಾಮ ಎದ್ದು ಫ್ಯಾನಿನ ಸ್ವಿಚ್ಚು ಆರಿಸಿ, ತಿರುಗುವ ರೆಕ್ಕೆಯ ಕೆಳಗೆ ಕೂತು, "ಬಂಗುಡೆ ಉಳಿದದ್ದು ಉಂಟಾ?" ಎಂದು ಕೇಳಿದರು.

ಮೇಡಂಗೆ ಈ ತರ್ಕ ಬಹಳ ಹಿಡಿಸಿತು. ಪುಸ್ತಕ ತಿದ್ದಿ ಎಂದು ಅವರೂ ಹೇಳಿರಲಿಲ್ಲ. ಆದರೆ ಬೇರೆ ದಾರಿಯೂ ಅವರಿಗೆ ಹೊಳೆದಿರಲಿಲ್ಲ. ಅವರು ಮೇಲಿನವರಿಗೆ ಬರೆದ ಮೇಲ್ಮನವಿಯನ್ನು ಮಾಮ ನನಗೆ ಬಾಯಿಪಾಠ ಒಪ್ಪಿಸಿದರು. ಈ ವಾಹನದ ಅಂಕಿಗಳು ವಾಹನದ ಗುಣವನ್ನಲ್ಲ, ಚಾಲಕರ ಸ್ವಭಾವವನ್ನು ತೋರಿಸುತ್ತವೆ, ಅಂಥ ಚಾಲಕರು ಮುಂದಕ್ಕೆ ಸಿಗುವ ಸಂಭವವಿಲ್ಲ, ಆದ್ದರಿಂದ ಒಂದು ತಿಂಗಳು ಬದಲಿ ಚಾಲಕರಿಂದ ಓಡಿಸಿ ಹೊಸ ಲೆಕ್ಕ ಸಲ್ಲಿಸಲು ಅನುಮತಿ ಕೊಡಬೇಕು. ಅನುಮತಿ ಬಂತು. ಮಾಮ ಮೂವತ್ತು ಚಿಲ್ಲರೆ ವರ್ಷದಲ್ಲಿ ಮೊದಲ ಬಾರಿಗೆ ರಜೆ ಹಾಕಿದರು, ಅದೂ ಒಂದಿಡೀ ತಿಂಗಳು!

ರಜೆಯಲ್ಲಿ ಮಾಮಿಯನ್ನು ಎಲ್ಲಿಗಾದರೂ ಕರೆದುಕೊಂಡು ಹೋಗಬಹುದಿತ್ತು. ಮಾಮ ಹೋದದ್ದು ಬಾವುಟಗುಡ್ಡೆಗೆ. ತರಕಾರಿಗೆ ಹೋಗುವ ದಾರಿಯಲ್ಲಿ ನಾನೇ ಕಂಡೆ. ರಸ್ತೆಯ ಬದಿಯ ಮೋಟುಗೋಡೆಯ ಮೇಲೆ ಬೆಳಿಗ್ಗೆ ಒಂಬತ್ತೂವರೆಗೆ ಇಸ್ತ್ರಿ ಅಂಗಿ ಹಾಕಿ ಕೂತಿದ್ದರು. ನಮ್ಮೆದುರೇ ಅವರ ವ್ಯಾನು ಬಂತು. ಗುಡ್ಡೆಯ ತುದಿ ದಾಟಿತು. ಇಂಜಿನ್ ಸದ್ದು ನಿಲ್ಲಲಿಲ್ಲ. ಗುರ್ರೆಂದು ಹಾಗೆಯೇ ಇಳಿದು ಹೋಯಿತು. ಮಾಮ ಕಣ್ಣು ಮುಚ್ಚಿದರು. ಅವರ ಬಲಗೈ ತೊಡೆಯ ಮೇಲೆ ಕೀಲಿ ತಿರುಗಿಸಿತು, ಟಕ್. ಇಂಥ ಸಂಕಟವನ್ನು ಹಣ ಕೊಡುತ್ತೇವೆಂದರೂ ಯಾರೂ ಪಡುವುದಿಲ್ಲ, ಮಾಮ ದಿನವೂ ಬಸ್ಸಿನ ಚಾರ್ಜು ಕೊಟ್ಟು ಬಂದು ಪಡುತ್ತಿದ್ದರು. ವ್ಯಾನಿನ ಕಿಟಕಿಯಿಂದ ದೊಡ್ಡ ಸಿಸ್ಟರ್ ದಿನವೂ ಕೈ ಬೀಸುತ್ತಿದ್ದರಂತೆ. "ಇವತ್ತು ಹತ್ತು ಒಂಬತ್ತು ಎಣಿಸ್ಲಿಕ್ಕೆ ಯಾರೂ ಇಲ್ಲ ಅಣ್ಣೇ" ಎಂದು ಒಮ್ಮೆ ಕೂಗಿ ಹೇಳಿದರಂತೆ.

ತಿಂಗಳು ಮುಗಿದಾಗ ಬದಲಿ ಡ್ರೈವರಿನ ಪುಸ್ತಕದಲ್ಲಿ ಡೀಸೆಲ್ ಮಾಮನದ್ದರ ಹತ್ತಿರಹತ್ತಿರ ಒಂದೂವರೆ ಪಾಲು. ಮಾಮ ಆ ಪುಟವನ್ನು ಬೆರಳಲ್ಲಿ ಮುಟ್ಟಿ, ಹೆಣ ನೋಡಿದವರಂತೆ ಹಿಂದೆ ಸರಿದರು. ಆದರೆ ಪಟ್ಟಿಯಲ್ಲಿ ವ್ಯಾನು ಮೇಲೆ ಬಂತು. ಅನುದಾನ ಮಂಜೂರಾಯಿತು.

ಹೊಸ ಗಾಡಿ ಬಂದ ದಿನ ಕಚೇರಿಯಲ್ಲಿ ತೆಂಗಿನಕಾಯಿ ಒಡೆದು, ನಾಲ್ಕು ಚಕ್ರದಡಿ ನಾಲ್ಕು ನಿಂಬೆಹಣ್ಣು ಇಟ್ಟರು. ಸೀಟಿನ ಪ್ಲಾಸ್ಟಿಕ್ ಇನ್ನೂ ತೆಗೆದಿರಲಿಲ್ಲ. ದೊಡ್ಡ ಸಿಸ್ಟರ್‌ನ ಮಣೆ ಮಾತ್ರ ಆಗಲೇ ಒಳಗೆ ಸೇರಿತ್ತು. ಮಾಮ ಗುಂಡಿ ಒತ್ತಿದರು. ಸದ್ದಿಲ್ಲ. ಮತ್ತೆ ಒತ್ತಿದರು. ಸದ್ದಿಲ್ಲ. ಇಳಿದು ಬಂದು ಬಾನೆಟ್ಟಿಗೆ ಕಿವಿ ಇಟ್ಟರು. "ಮೇಡಂ, ಇದು ಸ್ಟಾರ್ಟ್ ಆಗುದಿಲ್ಲ, ವಾಪಸು ಕಳಿಸುವ" ಎಂದರು. "ಸ್ಟಾರ್ಟ್ ಆಗೇದರೀ, ಹತ್ತರಿ ಮೊದಲ" ಎಂದು ಮೇಡಂ ನಕ್ಕರು. ಜೀವಮಾನವಿಡೀ ಸದ್ದು ಆರಿಸುವುದಕ್ಕೆ ಒದ್ದಾಡಿದ ಮನುಷ್ಯ, ಸದ್ದೇ ಇಲ್ಲದ ಗಾಡಿ ಕಂಡು ಗಾಬರಿಯಾದರು!

ಆ ಸಂಜೆ ನಮ್ಮ ಮನೆಗೆ ಬಂದರು. ಕಚೇರಿಯ ಗಾಡಿಯಲ್ಲಿ ಅಲ್ಲ, ಬಸ್ಸಿನಲ್ಲಿ. ಅಂಗಿಯ ಮೇಲೆ ನಿಂಬೆಹಣ್ಣಿನ ಬೀಜವೊಂದು ಅಂಟಿತ್ತು. ಚಪ್ಪಲಿ ಬಿಡುವುದನ್ನೂ ಮರೆತು ಬಾಗಿಲಲ್ಲೇ ನಿಂತರು.

"ಮಗಾ, ಬಾವುಟಗುಡ್ಡೆ ಇಳಿಯುವಾಗ ಕಾಲು ತೆಗೆದೆ. ಮೀಟರಿನಲ್ಲಿ ಚಾರ್ಜು ಮೇಲೆ ಹೋಯ್ತು."

ನನಗೆ ಅರ್ಥವಾಗಲಿಲ್ಲ. ಕಾಲೇಜಿಗೆ ಹೋಗುವ ಮಗಳು ವಿವರಿಸಿದಳು. ಇಳಿಯುವಾಗ ಚಕ್ರವೇ ಮೋಟರನ್ನು ತಿರುಗಿಸುತ್ತದೆ, ಆಗ ಅದು ಕರೆಂಟು ಮಾಡಿ ಬ್ಯಾಟರಿಗೆ ವಾಪಸು ತುಂಬಿಸುತ್ತದೆ. ಮಾಮ ಅದನ್ನು ಮೂರು ಸಲ ಹೇಳಿಸಿಕೊಂಡರು. ಆಮೇಲೆ ಕುರ್ಚಿಯಲ್ಲಿ ನಿಧಾನವಾಗಿ ಒರಗಿ ಹೇಳಿದರು.

"ಅದನ್ನು ಮಾಡಿದವನು ಯಾರೋ ಒಬ್ಬ ಪಿಟ್ಟಾಸಿಯೇ ಇರ್ಬೇಕು."

ನಂತರದ ತಿಂಗಳುಗಳಲ್ಲಿ ಸಿಸ್ಟರ್‌ಗಳಿಂದ ಹೊಸ ದೂರು ಶುರುವಾಯಿತು. ಎಲ್ಲಿಗೆ ಹೊರಟರೂ ಮಾಮ ಮೊದಲು ಒಂದು ಗುಡ್ಡೆ ಹತ್ತಿಸುತ್ತಾರೆ, ಅಲ್ಲಿಂದ ಇಳಿದರೆ ಚಾರ್ಜು ಸಿಗುತ್ತದಂತೆ. ಹತ್ತುವಾಗ ಅದಕ್ಕಿಂತ ಹೆಚ್ಚು ಖರ್ಚಾಗುತ್ತದಲ್ಲ ಎಂದು ನನ್ನ ಮಗಳು ಕಾಗದದಲ್ಲಿ ಲೆಕ್ಕ ಬರೆದು ತೋರಿಸಿದಳು. ಮಾಮ ಒಪ್ಪಲಿಲ್ಲ. ಮೊದಲೇ ಹೇಳಿದೆನಲ್ಲ, ಈ ಊರಿನಲ್ಲಿ ಏರು ರಸ್ತೆ ಇದೆ ಎಂಬುದನ್ನೇ ಅವರು ನಂಬಿದವರಲ್ಲ!

ಕಳೆದ ತಿಂಗಳು ಅವರಿಗೆ ನಿವೃತ್ತಿಯಾಯಿತು. ಮೊನ್ನೆ ಒಂದು ರಿಕ್ಷಾದಲ್ಲಿ ತಗಡಿನ ಟ್ರಂಕು ಹಾಕಿಕೊಂಡು ಬಂದರು. ರಿಕ್ಷಾದವರ ಮುಖ ಕೆಂಪಾಗಿತ್ತು. "ಅಕ್ಕ, ಇವರು ನಿಮ್ಮವರಾ? ದಾರಿಯಿಡೀ ಬಂದ್ ಮಾಡು, ಬಂದ್ ಮಾಡು ಅಂತ ತಲೆ ತಿಂದರು" ಎಂದು ನನ್ನಲ್ಲಿ ಕೇಳಿದರು. ಟ್ರಂಕಿನಲ್ಲಿ ಅಷ್ಟೂ ವರ್ಷದ ನಕಲು ಪುಸ್ತಕಗಳು. ಮಾಮಿ ಗುಜರಿಗೆ ಕೊಡುತ್ತೇನೆ ಎನ್ನುತ್ತಾಳೆ, ನಿನ್ನಲ್ಲಿ ಇರಲಿ ಎಂದರು. ಚಾ ಕುಡಿದು ಹೋದರು.

ಅವರು ಹೋದ ಮೇಲೆ ಟ್ರಂಕು ತೆರೆದೆ. ಎಲ್ಲ ಬೈಂಡೂ ನನ್ನದೇ. ಚೀಟಿಯ ಮೇಲೆ ಎರಡನೇ ಕ್ಲಾಸಿನ ದೊಡ್ಡ ದೊಡ್ಡ ಅಕ್ಷರ, ಆಮೇಲೆ ಮದರ್ ಕಲಿಸಿದ ಕೂಡಿಸಿದ ಬರಹ, ಆಮೇಲೆ ಮದುವೆಯಾದ ಹೆಂಗಸಿನ ಅವಸರದ ಗೀಟು. ಇಷ್ಟು ವರ್ಷ ಹೊರಗಿನ ಬೈಂಡ್ ಹಾಕಿದವಳು ಒಳಗೆ ಒಮ್ಮೆಯೂ ನೋಡಿರಲಿಲ್ಲ. ಸುಮ್ಮನೆ ಕುತೂಹಲಕ್ಕೆ ಮಗಳು ಹುಟ್ಟಿದ ವರ್ಷದ್ದನ್ನು ತೆಗೆದೆ. ಜೂನ್ ತಿಂಗಳ ಕೊನೆಯ ಪುಟ. ನೀಲಿ ಶಾಯಿ.

"ಕೂಳೂರು ಮಾರ್ಗವಾಗಿ ಬೆಂಗ್ರೆ. ದೋಣಿ ಇಲ್ಲ. ಬೇರೆ ಯಾವ ಗಾಡಿಯಲ್ಲೂ ಡೀಸೆಲ್ ಇಲ್ಲ. ಗರ್ಭಿಣಿ ಒಬ್ಬರು, ಆಸ್ಪತ್ರೆಗೆ. ಹೆಣ್ಣು ಮಗು. ಇಬ್ಬರೂ ಕ್ಷೇಮ."

ಅದರ ಪಕ್ಕ ಕೆಂಪಿನಲ್ಲಿ: "ಉಳಿದದ್ದು, ಸೊನ್ನೆ."

ಕೆಳಗಿನ ಸಾಲಿನಲ್ಲಿ ಮರುದಿನದ್ದು: "ಗಾಡಿ ಆಸ್ಪತ್ರೆಯ ಅಂಗಳದಲ್ಲಿ. ಒಂದನೇ ತಾರೀಕಿಗೆ ಕೋಟಾ ಬಂದ ಮೇಲೆ ತರುವುದು."

ನಾನು ಆ ತಿಂಗಳ ಪುಟಗಳನ್ನು ಹಿಂದಕ್ಕೆ ತಿರುಗಿಸಿದೆ. ಪ್ರತಿ ದಿನದ ಎದುರು ಕೆಂಪಿನಲ್ಲಿ ಉಳಿದದ್ದು ಬರೆದಿತ್ತು, ಕಾಲು, ಅರ್ಧ, ಮತ್ತೆ ಕಾಲು. ಬಾವುಟಗುಡ್ಡೆ. ಬಿಜೈ. ಬಾವುಟಗುಡ್ಡೆ.

ಫೋನು ಮಾಡಿದೆ.

"ಮಾಮ, ಮನೆ ಮುಟ್ಟಿದಿರಾ?"

"ಮುಟ್ಟಿದೆ. ಎಂತ ಮಗಾ?"

ನಾನು ಪುಸ್ತಕ ಮುಚ್ಚಿದೆ. "ಎಂತ ಇಲ್ಲ. ಚಾ ಸರಿ ಇತ್ತಾ ಕೇಳಿದ್ದು."

ಮಾಮ ಸ್ವಲ್ಪ ಯೋಚಿಸಿದರು. "ಸರಿ ಇತ್ತು. ಗ್ಯಾಸು ಸ್ವಲ್ಪ ಬೇಗ ಬಂದ್ ಮಾಡ್ಬಹುದಿತ್ತು," ಎಂದರು.

ಆ ಸಂಜೆ ಕುಚ್ಚಲಕ್ಕಿ ಅನ್ನಕ್ಕೆ ಇನ್ನೂ ಒಂದು ಕುದಿ ಬಾಕಿ ಇರುವಾಗಲೇ ನಾನು ಗ್ಯಾಸ್ ಬಂದ್ ಮಾಡಿದೆ. ಮುಚ್ಚಳ ಮುಚ್ಚಿ, ಅದರ ಮೇಲೆ ಬಟ್ಟೆ ಹಾಕಿ ಕೈ ಇಟ್ಟುಕೊಂಡು ನಿಂತೆ. ಅಡುಗೆಮನೆಯಲ್ಲಿ ಸದ್ದೇ ಇರಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ತೆಗೆದು ಒಂದು ಅಗುಳು ಹಿಸುಕಿ ನೋಡಿದೆ.

ಬೆಂದಿತ್ತು.